ವಾರಂಟಿಗೆ ಹೆದರಿ ಓಡುವುದೇಕೆ?

ಬಳ್ಳಾರಿ ರಾಘವ ಎಂದೊಡನೆ ರಂಗಭೂಮಿ ನೆನಪಾಗುತ್ತದೆ. ಅವರು ವಕೀಲರೂ ಆಗಿದ್ದರೆಂಬುದು ಹಲವರಿಗೆ ತಿಳಿಯದು. ನಾಟಕಕಾರರಾದ ಧರ್ಮವರಂ ರಾಮಕೃಷ್ಣಮಾಚಾರ್ಯ ಮತ್ತು ಕೋಲಾಚಲಂ ಶ್ರೀನಿವಾಸರಾವ್ ಕೂಡ ಬಳ್ಳಾರಿಯಲ್ಲಿ ವಕೀಲಿ ನಡೆಸಿದವರೇ. ಆಗ ಈ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಇಂಥ ವಕೀಲರಿದ್ದ ಊರಿನಲ್ಲೂ ಬಡ ಆರೋಪಿಯ ಪಾಡೇನು? 1898ರ ದಂಡ ಪ್ರಕ್ರಿಯಾ ಸಂಹಿತೆಯ 340ನೇ ಕಲಂ, ವಕೀಲರ ಮೂಲಕ ವಾದಿಸುವ ಹಕ್ಕನ್ನು ಆರೋಪಿಗೆ ಕೊಟ್ಟಿತ್ತು. ಆದರೆ ಶುಲ್ಕ ಕೊಡಲಾಗದವನ ಗತಿಯೇನೆಂದು ಅದು ಹೇಳಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 22ನೇ ವಿಧಿಯೂ ಬಂಧಿತನಿಗೆ ತನ್ನ ಆಯ್ಕೆಯ ವಕೀಲರ ನೆರವು ಪಡೆಯುವ ಹಕ್ಕನ್ನಷ್ಟೇ ನೀಡಿತು. ಉಚಿತ ನೆರವು ಸರ್ಕಾರದ ಹೊಣೆಯೆಂದು 39ಎ ವಿಧಿ ಸೇರಿದ್ದು 1976ರಲ್ಲಿ.

ಬಿಹಾರದ ಭಾಗಲ್ಪುರದಲ್ಲಿ ವಿಚಾರಣಾ ಕೈದಿಗಳ ಕಣ್ಣು ಕುರುಡಾಗಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಒಂದು ಮಹತ್ವದ ಮಾತು ಹೇಳಿತು: ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿ ಹಾಜರುಪಡಿಸುವಾಗಲೇ ಬಡವನಿಗೆ ವಕೀಲರ ನೆರವು ಸಿಗಬೇಕು. ಆರೋಪಿ ಕೇಳಲಿಲ್ಲವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲವೆಂದು 1986ರ ತೀರ್ಪು ಸ್ಪಷ್ಟಪಡಿಸಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು.

ಇದರ ಬೆಲೆ ತಿಳಿಯುವುದು ವಾರಂಟು ಬಂದಾಗ. ಸಿರುಗುಪ್ಪದ ಕೂಲಿಕಾರನೋ ಕುರುಗೋಡಿನ ರೈತನೋ ವಾಯಿದೆಯ ದಿನ ಹಾಜರಾಗದಿದ್ದರೆ ನ್ಯಾಯಾಲಯ ವಾರಂಟು ಹೊರಡಿಸಬಹುದು. ಜಾಮೀನಿಗೆ ಅವಕಾಶವಿರುವ ವಾರಂಟಾದರೆ ಮುಚ್ಚಳಿಕೆ ಮತ್ತು ಜಾಮೀನು ಪಡೆದು ಪೊಲೀಸರೇ ಬಿಡಬಹುದು; ಜಾಮೀನುರಹಿತ ವಾರಂಟಾದರೆ ಬಂಧಿಸಿ ಹಾಜರುಪಡಿಸುತ್ತಾರೆ. ಹೆದರಿ ಊರು ಬಿಟ್ಟರೆ ವಾರಂಟು ಸಾಯುವುದಿಲ್ಲ. ಜಾರಿಯಾಗುವವರೆಗೆ ಅಥವಾ ನ್ಯಾಯಾಲಯವೇ ರದ್ದುಮಾಡುವವರೆಗೆ ಅದು ಜೀವಂತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೇ ನಿಯಮವಿದೆ.

ವಕೀಲರೊಡನೆ ತಾನಾಗಿ ಹಾಜರಾದವನ ಸ್ಥಿತಿ ಬೇರೆ. ಗೈರುಹಾಜರಿಗೆ ಕಾರಣ, ವೈದ್ಯರ ಚೀಟಿ, ಜಾಮೀನುದಾರ ಇವನ್ನು ಮುಂದಿಟ್ಟು ವಾರಂಟು ರದ್ದತಿಗೆ ವಕೀಲರು ಅರ್ಜಿ ಸಲ್ಲಿಸುತ್ತಾರೆ. ಒಪ್ಪುವುದು, ಬಿಡುವುದು ನ್ಯಾಯಾಧೀಶರ ವಿವೇಚನೆ. ಆದರೆ ಬಾಯಿ ಬಾರದೆ ಕಟಕಟೆಯಲ್ಲಿ ನಿಂತವನ ಪರವಾಗಿ ಒಂದು ಮಾತಾದರೂ ದಾಖಲಾಗುತ್ತದೆ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಹಾಗೂ ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಒದಗಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಉಳಿದವರಿಗೆ ಆದಾಯದ ಮಿತಿಯುಂಟು. ಬಳ್ಳಾರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಪೊಲೀಸರು ಬಾಗಿಲು ತಟ್ಟುವ ಮೊದಲೇ ಕೇಳಿದರೆ ಲೇಸು.