ಬಚ್ಚಲ ನೀರಿನ ಒಂದೆಲಗ

ಒಂದೆಲಗದ ಮಾತು ಬಂದರೆ ಸಾಕು, ಬರೆಯುವವರೆಲ್ಲ ಸೀದಾ ಚರಕಸಂಹಿತೆಗೆ ಹೋಗಿ ನಿಲ್ಲುತ್ತಾರೆ. ಗ್ರಂಥದಲ್ಲಿದ್ದ ಗಿಡ ವೈದ್ಯರ ಕೈಗೆ ಬಂತು, ಅವರಿಂದ ಹಿತ್ತಿಲಿಗೆ ಇಳಿಯಿತು ಎನ್ನುವುದು ಕಥೆ. ನನಗೆ ಈ ಕ್ರಮವೇ ತಿರುಗುಮುರುಗು ಎನಿಸುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಈ ಸೊಪ್ಪನ್ನು ಕಾಪಾಡಿಕೊಂಡು ಬಂದದ್ದು ಬಚ್ಚಲ ನೀರು ಮತ್ತು ಅಡುಗೆಮನೆ. ಹೆಸರುಗಳನ್ನೇ ನೋಡಿ. ಸಂಸ್ಕೃತದ ಮಂಡೂಕಪರ್ಣಿಯಲ್ಲಿ ಕಪ್ಪೆಯಿದೆ. ಕನ್ನಡದ ಒಂದೆಲಗದಲ್ಲಿ ಅದರ ಸುಳಿವಿಲ್ಲ. ಒಂದು ತೊಟ್ಟಿಗೆ ಒಂದೇ ಎಲೆ ಎಂದು ಸೊಪ್ಪು ಬಿಡಿಸುತ್ತ ಕೂತವರ ಮಾತು ಅದು. ಕೊಂಕಣಿಯ ಎಕಪಾನ್ನಿ ಎಂದರೂ ಅದೇ ಅರ್ಥ. ತುಳುವಿನ ತಿಮರೆ, ಹವ್ಯಕರ ಉರಗೆ, ತಮಿಳಿನ ವಲ್ಲಾರೈ, ಇವು ಯಾವುವೂ ಮಂಡೂಕಪರ್ಣಿಯಿಂದ ಸವೆದು ಬಂದ ಶಬ್ದಗಳಲ್ಲ. ವಿದ್ವಾಂಸರ ಗಾಳಿ ತಾಗಿದ ಹೆಸರೆಂದರೆ ಬ್ರಾಹ್ಮಿ. ಗೊಂದಲ ಹುಟ್ಟಿಸಿದ್ದೂ ಅದೇ. ಸುಶ್ರುತಸಂಹಿತೆ ಮಂಡೂಕಪರ್ಣಿ, ಬ್ರಾಹ್ಮಿ ಎರಡನ್ನೂ ಬೇರೆಬೇರೆಯಾಗಿಯೇ ಹೇಳಿದರೂ ಬ್ರಾಹ್ಮಿ ಎಂದರೆ ಒಂದೆಲಗವೋ, ನೀರುಬ್ರಾಹ್ಮಿ ಎನ್ನುವ ಬೇರೆ ಗಿಡವೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ತಂಬುಳಿ ಮಾಡುವವರಿಗೆ ಮಾತ್ರ ಈ ಅನುಮಾನ ಬಂದದ್ದಿಲ್ಲ.

ಹಾಗಾದರೆ ಚರಕನ ಮಾತಿಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಬೆಲೆಯಿದೆ, ಅದೂ ನನ್ನ ವಾದದ ಕಡೆಗೇ. ಬುದ್ಧಿಗೆ ಒಳ್ಳೆಯದೆಂದು ಅಲ್ಲಿ ಹೇಳಿರುವ ರಸಾಯನಗಳು ನಾಲ್ಕು. ಜೇಷ್ಠಮಧುವನ್ನು ಪುಡಿ ಮಾಡಿ ಹಾಲಿನೊಡನೆ ಕೊಡಬೇಕು, ಶಂಖಪುಷ್ಪಿಯನ್ನು ಅರೆದು ಕೊಡಬೇಕು, ಅಮೃತಬಳ್ಳಿಯ ರಸ ತೆಗೆಯಬೇಕು. ಮಂಡೂಕಪರ್ಣಿಯದು ಸ್ವರಸ, ಅಂದರೆ ಹಸಿ ಗಿಡವನ್ನೇ ಜಜ್ಜಿ ಹಿಂಡಿದ್ದು. ಜೇಷ್ಠಮಧುವಿನ ಒಣಬೇರು ಎಷ್ಟು ದೂರದ ಅಂಗಡಿಯಿಂದಲೂ ಬಂದೀತು. ಸ್ವರಸಕ್ಕೆ ಗಿಡ ಕೈಗೆಟುಕುವಲ್ಲೇ ಇರಬೇಕು. ಸೊಪ್ಪು ಮನೆಯ ಹತ್ತಿರ ಇದ್ದೇ ಇರುತ್ತದೆ ಎಂದುಕೊಂಡೇ ಆ ಮಾತು ಬರೆದಂತಿದೆ. ತಂಬುಳಿಯೂ ಹೀಗೆಯೇ: ಬೇಯಿಸುವ ಗೊಡವೆಯಿಲ್ಲದೆ ಕಾಯಿತುರಿ, ಜೀರಿಗೆ, ಮೆಣಸಿನ ಜೊತೆ ಹಸಿ ಎಲೆಯನ್ನೇ ಕಲ್ಲಿನಲ್ಲಿ ಅರೆದು ಮಜ್ಜಿಗೆಗೆ ಕದಡುವುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಗದ್ದೆಯ ಅಂಚಿನಲ್ಲಿ, ಅಡಿಕೆ ತೋಟದ ಬಸಿಗಾಲುವೆಯಲ್ಲಿ ತಾನೇ ಹಬ್ಬುವ ಕಳೆಯನ್ನು ಯಾರು ಸಾಕಬೇಕು? ಮಳೆಗಾಲದ ಮಟ್ಟಿಗೆ ಇದು ಸರಿ. ಆದರೆ ಬೇರು ಆಳಕ್ಕಿಳಿಯದ ಈ ಗಿಡ ತೇವ ಆರಿದೊಡನೆ ಸೊರಗುತ್ತದೆ. ಮಾರ್ಚಿ, ಏಪ್ರಿಲ್‌ನಲ್ಲಿ ಗದ್ದೆಯ ಅಂಚು ಕಾದು ಹೋಗಿರುತ್ತದೆ. ಹೊಟ್ಟೆ ತಂಪಾಗಲು ತಂಬುಳಿ ಬೇಕೆನಿಸುವುದೂ ಆಗಲೇ. ಆ ದಿನಗಳಲ್ಲಿ ಎಲೆ ಸಿಗುತ್ತಿದ್ದದ್ದು ಹಂಡೆಯ ನೀರು ದಿನವೂ ಹರಿದು ಹೋಗುವ ಬಚ್ಚಲ ಹಿಂದೆ, ಬಾವಿಕಟ್ಟೆಯ ಬುಡದಲ್ಲಿ. ಆರೈಕೆಯೂ ಕಣ್ಣಿಗೆ ಬೀಳದಂಥದ್ದು. ನೆಲದ ಮೇಲೆ ಹರಿಯುವ ಕುಡಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಎಲೆಯನ್ನಷ್ಟೇ ಚಿವುಟಿ ಕುಡಿಯನ್ನು ಬಿಟ್ಟರೆ ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತರೆ ಜಾಗ ಬೋಳು. ನೆರಳಿದ್ದಲ್ಲಿ ತೊಟ್ಟು ಉದ್ದ, ಎಲೆ ಅಗಲ. ಬಿಸಿಲಿಗೆ ಬಿದ್ದದ್ದು ನೆಲಕ್ಕಂಟಿಕೊಂಡು ಸಣ್ಣಗಿರುತ್ತದೆ. ಇದನ್ನು ಕೃಷಿ ಎನ್ನಲು ಬಾರದು, ಕಾಡು ಎನ್ನಲೂ ಬಾರದು. ನಡುವಿನ ಈ ಸ್ಥಿತಿಗೆ ನಮ್ಮಲ್ಲಿ ಲೆಕ್ಕಪುಸ್ತಕ ಇರಲಿಲ್ಲ, ಹಾಗಾಗಿಯೇ ಇತಿಹಾಸವೂ ಇಲ್ಲದಾಯಿತು.

ಲೆಕ್ಕ ಇಟ್ಟವರು ಹೊರಗಿನವರು. ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಕೊಟ್ಟ ಹೈಡ್ರೊಕೊಟೈಲ್ ಏಷಿಯಾಟಿಕಾ ಎಂಬ ಹೆಸರಿನಲ್ಲಿ ನೀರೂ ಇದೆ, ಬಟ್ಟಲೂ ಇದೆ. ಈಗ ಅದು ಸೆಂಟೆಲ್ಲಾ ಏಷಿಯಾಟಿಕಾ. 1868ರ ಫಾರ್ಮಕೋಪಿಯಾ ಆಫ್ ಇಂಡಿಯಾದಲ್ಲೂ ಅದು ಸೇರಿತು. ಆ ಕಾಲದ ವೈದ್ಯರ ಆಸೆಯೆಲ್ಲ ಕುಷ್ಠಕ್ಕೆ ಮದ್ದಾದೀತೆಂದು. ಅಡುಗೆಮನೆಗೆ ಇದು ಯಾವುದೂ ಕೇಳಿಸಲಿಲ್ಲ.

ಅಡುಗೆಮನೆಗೆ ತಟ್ಟಿದ ಬದಲಾವಣೆ ಬೇರೆ. ಸೀಗೆ, ಅಂಟುವಾಳಗಳ ನೀರು ಹರಿಯುತ್ತಿದ್ದಲ್ಲಿ ಸೋಪು, ಫಿನಾಯಿಲು ಬಂದವು. ಕಾಲುವೆ ಪೈಪಿನೊಳಗೆ ಹೋಯಿತು. ಮಲಿನ ನೀರಿನ ಸೀಸದಂಥ ಲೋಹಗಳನ್ನೂ ಈ ಗಿಡ ಹೀರಿಕೊಳ್ಳುತ್ತದೆ, ಆದ್ದರಿಂದ ಬಚ್ಚಲ ಮಗ್ಗುಲಿಗೇ ಅದನ್ನು ಹಿಂದಿರುಗಿಸಿ ಎನ್ನುವಂತಿಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿ ಅಕ್ಕಿ ತೊಳೆದ ನೀರು ಹಳೆಯ ಬಚ್ಚಲ ನೀರಿನ ಕೆಲಸ ಮಾಡೀತು. ಕುಂಡ ಆಳವಾಗಿರಬೇಕಿಲ್ಲ, ಅಗಲವಾಗಿರಬೇಕು. ಅಂಚು ದಾಟಿ ಗಾಳಿಯಲ್ಲಿ ಜೋತ ಕುಡಿಯ ಗೆಣ್ಣಿಗೆ ಮಣ್ಣು ಸಿಗುವುದಿಲ್ಲ. ಅದನ್ನು ಬೆರಳಲ್ಲಿ ಎತ್ತಿ ಕುಂಡದೊಳಕ್ಕೇ ತಿರುಗಿಸಿ ಬಿಡಬೇಕು.