ರಕ್ತನಾಳವನ್ನೊತ್ತುವ ಗ್ರಂಥಿ: ವೇಧನವೂ ಶೇಷದೋಷವೂ

ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿಗಳು ಐದು ಬಗೆಯವೆಂದು ಹೇಳಿದೆ. ಅವುಗಳಲ್ಲಿ ಕಡೆಯದು ಸಿರಾಜಗ್ರಂಥಿ. ದುರ್ಬಲನಾದವನು ಅತಿಯಾಗಿ ಶ್ರಮಪಟ್ಟರೆ ವಾಯುವು ಸಿರೆಗಳ ಜಾಲವನ್ನು ಹೊಕ್ಕು, ಹಿಂಡಿ, ಒಣಗಿಸಿ, ದುಂಡನೆಯ ಗಂಟನ್ನುಂಟುಮಾಡುವುದೆಂದು ಅಲ್ಲಿನ ವಿವರಣೆ. ಇದನ್ನೋದಿದವರಿಗೆ, ಇಂದಿನ ಶಸ್ತ್ರವೈದ್ಯರು ಕಾಲಿನ ಅಪಧಮನಿಯಲ್ಲಿ ಕಂಡಿರುವ ರಸಕೋಶವೂ ಇದೇ ಎಂದು ಸಾರಲು ಮನಸ್ಸಾಗುವುದು ಸಹಜ. ಆದರೆ ಹೆಸರಿನ ಹೋಲಿಕೆಯಿಂದ ವ್ಯಾಧಿಗಳು ಒಂದಾಗಲಾರವು.

ಈ ವ್ಯಾಧಿಯ ಚರಿತ್ರೆ ಬಹಳ ಹಿಂದಿನದಲ್ಲ. 1947ರಲ್ಲಿ ಆಂಗ್ಲ ವೈದ್ಯರಾದ ಆಟ್ಕಿನ್ಸ್ ಮತ್ತು ಕೀ ಎಂಬವರು ಶ್ರೋಣಿಯ ಅಪಧಮನಿಯೊಂದರಲ್ಲಿ ಇದನ್ನು ಕಂಡು ಪ್ರಕಟಿಸಿದರು. ಮೊಣಕಾಲಿನ ಹಿಂದಣ ಕುಳಿಯಲ್ಲಿ ಇದನ್ನು 1954ರಲ್ಲಿ ವರ್ಣಿಸಿದವರು ಸ್ವೀಡನ್ನಿನ ಏಯ್ರುಪ್ ಮತ್ತು ಹಿಯರ್ಟಾನ್. ಇದು ಹೆಚ್ಚಾಗಿ ತೋರುವುದೂ ಆ ಸ್ಥಳದಲ್ಲಿಯೇ. ನಾಳದ ಹೊರಪದರದಲ್ಲಿ ಅಂಟಾದ ರಸವು ಶೇಖರವಾಗಿ ಒಳದಾರಿಯನ್ನು ಒತ್ತುತ್ತದೆ. ರೋಗಿಯು ಸ್ವಲ್ಪ ದೂರ ನಡೆದೊಡನೆ ಮೀನಖಂಡವು ನೋಯುವುದು, ನಿಂತರೆ ನೋವು ಶಮನವಾಗುವುದು. ಇವರಲ್ಲಿ ಹೆಚ್ಚಿನವರು ನಾಳಗಳು ಗಡಸಾಗದ ನಡುವಯಸ್ಸಿನ ಗಂಡಸರು. ಮೊಣಕಾಲನ್ನು ಮಡಿಸಿದರೆ ಪಾದದ ನಾಡಿ ಅಡಗುವುದೆಂಬ ಲಕ್ಷಣಕ್ಕೆ ಜಪಾನಿನ ಇಶಿಕಾವಾರ ಹೆಸರು ನಿಂತಿದೆ. ಸಿರಾಜಗ್ರಂಥಿಯ ಲಕ್ಷಣಗಳಲ್ಲಿ ಇವಾವುವೂ ಇಲ್ಲ.

ಹೋಲಿಕೆಯನ್ನು ಹುಡುಕಬೇಕಾದುದು ಚಿಕಿತ್ಸಾಸ್ಥಾನದಲ್ಲಿ. ಜಲೋದರದಲ್ಲಿ ನಾಭಿಯ ಕೆಳಗೆ ಎಡಭಾಗದಲ್ಲಿ ವ್ರೀಹಿಮುಖಶಸ್ತ್ರದಿಂದ ಅಂಗುಷ್ಠದ ಉದರದಷ್ಟು ಆಳಕ್ಕೆ ಚುಚ್ಚಿ, ಲೋಹದ ನಳಿಗೆಯನ್ನಾಗಲಿ ಹಕ್ಕಿಯ ಗರಿಯ ನಳಿಗೆಯನ್ನಾಗಲಿ ಇಟ್ಟು ನೀರನ್ನು ಇಳಿಸಬೇಕು. ಆದರೆ ಎಲ್ಲವನ್ನೂ ಒಂದೇ ದಿನ ತೆಗೆಯಕೂಡದು. ತೆಗೆದರೆ ತೃಷ್ಣೆ, ಜ್ವರ ಮೊದಲಾದುವು ಬಾಧಿಸುವುವು. ದಿನಗಳನ್ನು ಬಿಟ್ಟು ಬಿಟ್ಟು ಅಲ್ಪಾಲ್ಪವಾಗಿ ಹರಿಸಬೇಕು. ಇಲ್ಲಿ ಶೇಷವನ್ನುಳಿಸುವುದೇ ಪ್ರಾಣರಕ್ಷೆ. ಅದೇ ಸ್ಥಾನದಲ್ಲಿ ಅರ್ಬುದವನ್ನು ಹೇಳುವಾಗ ಮಾತು ತಿರುಗುತ್ತದೆ: ಶೇಷದೋಷವುಳಿದ ಅರ್ಬುದವು ಬೇಗನೆ ಮರಳಿ ಹುಟ್ಟಿ ಬೆಂಕಿಯಂತೆ ಕೊಲ್ಲುವುದು, ಆದುದರಿಂದ ಅದನ್ನು ನಿಶ್ಶೇಷವಾಗಿ ತೆಗೆಯಬೇಕು. ಒಬ್ಬನೇ ಶಾಸ್ತ್ರಕಾರನಲ್ಲಿ ಕಾಣುವ ಈ ಎರಡು ವಿಧಿಗಳಿಗೆ ವಿರೋಧವಿಲ್ಲ, ವಿಷಯವು ಬೇರೆ.

ರಸಕೋಶಕ್ಕೆ ಯಾವ ವಿಧಿ ಸಲ್ಲುವುದೆಂಬುದೇ ಇಂದಿನ ವೈದ್ಯರ ವಿವಾದ. ಶಬ್ದಾತೀತ ತರಂಗಗಳಿಂದ ಒಳಭಾಗವನ್ನು ಚಿತ್ರದಲ್ಲಿ ಕಂಡು, ಸೂಜಿಯಿಂದ ರಸವನ್ನು ಹೀರುವುದು ಸುಲಭೋಪಾಯ: ಗಾಯ ಕಿರಿದು, ರೋಗಿಯು ಬೇಗ ನಡೆದಾನು. ಆದರೆ ರಸವು ಮಂದವಾದುದರಿಂದ ಪೂರ್ತಿಯಾಗಿ ಬಾರದು. ಕೋಶದ ಗೋಡೆಯೂ ಕೆಲವೊಮ್ಮೆ ಕೀಲಿನೊಡನಿರುವ ಸಂಬಂಧವೂ ಉಳಿಯುವುದರಿಂದ ಮತ್ತೆ ತುಂಬುವುದುಂಟು. ಬಲೂನಿನಿಂದ ನಾಳವನ್ನು ಹಿಗ್ಗಿಸುವ ವಿಧಾನವು ಇಲ್ಲಿ ಪ್ರಾಯಶಃ ನಿಷ್ಫಲ, ಏಕೆಂದರೆ ದೋಷವಿರುವುದು ದಾರಿಯೊಳಗಲ್ಲ, ಹೊರಗಿನ ಪದರದಲ್ಲಿ. ಹೀಗಾಗಿ ಅನೇಕ ಶಸ್ತ್ರವೈದ್ಯರು ಕೋಶವನ್ನೇ ಕೊಯ್ದು ತೆಗೆಯುವರು. ನಾಳವು ಮುಚ್ಚಿಹೋಗಿದ್ದರೆ ರೋಗಿಯದೇ ಸಿರೆಯ ತುಂಡೊಂದನ್ನು ಅಲ್ಲಿ ಹೊಲಿಯುವರು. ಅರ್ಬುದವಿಧಿಯೇ ಇಲ್ಲಿ ಯುಕ್ತವೆಂದು ತೋರುತ್ತದೆ.

ಆದರೂ ಸೂಜಿಯನ್ನು ಮೊದಲು ಬಯಸುವವರನ್ನು ಹಳಿಯಲಾಗದು. ಶಾರೀರಸ್ಥಾನವು ಜಾನುಮರ್ಮವನ್ನು ವೈಕಲ್ಯಕರವೆಂದೂ, ಅಲ್ಲಿ ಪೆಟ್ಟಾದರೆ ಕುಂಟುತನವುಂಟಾಗುವುದೆಂದೂ ಹೇಳಿದೆ.