ಜೊತೆಯಾಗಿ ಬೀಳುವ ವಿದ್ಯೆ

ಕಾರಟಗಿ ಕಡೆಯವರಾದರೆ ಭತ್ತ ತೂರುವುದನ್ನು ನೀವು ನೋಡಿಯೇ ಇರುತ್ತೀರಿ. ಮೊರದಿಂದ ಸುರಿದ ಗಟ್ಟಿ ಕಾಳು ಕಾಲ ಬಳಿಯೇ ಬೀಳುತ್ತದೆ. ಜೊಳ್ಳು ಹಿಂದುಳಿದು ಗಾಳಿಯೊಡನೆ ಸರಿಯುತ್ತದೆ. ಅಕ್ಕಿ ಗಿರಣಿಯಲ್ಲಿ ಹೊಟ್ಟು ಬೇರ್ಪಡಿಸುವ ಫ್ಯಾನಿನದೂ ಇದೇ ಕೆಲಸ. ಕಾಳು, ಜೊಳ್ಳು ಬೇರೆಯಾಗದೆ ಒಟ್ಟಿಗೇ ಬೀಳಬೇಕೆಂದರೆ ಏನು ಮಾಡಬೇಕು? ವಿಮಾನದಿಂದ ಧುಮುಕಿ, ಪ್ಯಾರಾಶೂಟ್ ಬಿಚ್ಚುವ ಮೊದಲೇ ಕೈ ಕೈ ಹಿಡಿಯಬಯಸುವ ಗೆಳೆಯರ ಮುಂದಿರುವುದೂ ಇದೇ ಪ್ರಶ್ನೆ.

ಮುಕ್ತವಾಗಿ ಬೀಳುವಾಗ ಮನುಷ್ಯ ಪ್ರಜ್ಞೆ ತಪ್ಪುತ್ತಾನೆಂದು ಒಂದು ಕಾಲದಲ್ಲಿ ಅನೇಕರು ನಂಬಿದ್ದರು. 1919ರಲ್ಲಿ ಅಮೆರಿಕದ ಲೆಸ್ಲಿ ಇರ್ವಿನ್ ವಿಮಾನದಿಂದ ಹಾರಿ, ಬೀಳುತ್ತಲೇ ತಾನೇ ಹಗ್ಗ ಎಳೆದು ಪ್ಯಾರಾಶೂಟ್ ಬಿಚ್ಚಿದ. ನಂಬಿಕೆ ಸುಳ್ಳಾಯಿತು. ಆದರೆ ಗಿರಗಿರನೆ ತಿರುಗುವ ದೇಹವನ್ನು ಹತೋಟಿಗೆ ತರುವುದು ಹೇಗೆ? ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನ ಲಿಯೋ ವ್ಯಾಲೆಂಟಿನ್ ಎದೆ ಮುಂದೆ ಮಾಡಿ, ಕೈಕಾಲು ಚಾಚಿ, ಬೆನ್ನು ಬಾಗಿಸಿದರೆ ದೇಹ ಸ್ಥಿರವಾಗುತ್ತದೆಂದು ತೋರಿಸಿದ. ಆಮೇಲೆಯೇ ಗೆಳೆಯರ ಆಟಕ್ಕೆ ದಾರಿಯಾದದ್ದು. 1958ರಲ್ಲಿ ಉತ್ತರ ಅಮೆರಿಕದಲ್ಲಿ ಇಬ್ಬರು ಜಿಗಿತಗಾರರು ಬೀಳುತ್ತಲೇ ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂಟು ಮಂದಿ ವೃತ್ತ ಕಟ್ಟಿದರು. 2006ರ ಫೆಬ್ರವರಿ 8ರಂದು ಥಾಯ್ಲೆಂಡಿನ ಉದಾನ್ ಥಾನಿಯ ಮೇಲೆ 400 ಮಂದಿ ಒಂದೇ ಆಕೃತಿಯಾದರು. ಅದು ಉಳಿದದ್ದು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು.

ಇಬ್ಬರಿಂದ ನಾನೂರಕ್ಕೆ ಬರಲು ಇಷ್ಟು ವರ್ಷ ಏಕೆ? 'ಗಾಳಿಯ ರೋಧವನ್ನು ಉಪೇಕ್ಷಿಸಿ' ಎಂದು ನಾವು ತರಗತಿಯಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಆ ರೋಧವೇ ಎಲ್ಲ. ಅದು ತೂಕಕ್ಕೆ ಸಮನಾದಾಗ ವೇಗ ಏರುವುದು ನಿಲ್ಲುತ್ತದೆ. ಈ ಅಂತಿಮ ವೇಗ, ಹೊಟ್ಟೆ ಕೆಳಗಾಗಿ ಬೀಳುವವರಿಗೆ ಗಂಟೆಗೆ ಸುಮಾರು 200 ಕಿಲೋಮೀಟರ್, ಅಂದರೆ ಸೆಕೆಂಡಿಗೆ 55 ಮೀಟರ್. ತೂಕವನ್ನು ಗಾಳಿಗೊಡ್ಡಿದ ವಿಸ್ತೀರ್ಣದಿಂದ ಭಾಗಿಸಿ. ವೇಗ ಅದರ ವರ್ಗಮೂಲದಂತೆ ಬದಲಾಗುತ್ತದೆ. ವಿಸ್ತೀರ್ಣ ಒಂದೇ ಇದ್ದು, ಒಬ್ಬನ ತೂಕ ಶೇಕಡಾ 10 ಹೆಚ್ಚಿದ್ದರೆ ಅವನ ವೇಗ ಸುಮಾರು ಶೇಕಡಾ 5 ಹೆಚ್ಚು. ಹತ್ತೇ ಸೆಕೆಂಡಿನಲ್ಲಿ ಅವನು 27 ಮೀಟರ್ ಕೆಳಗಿರುತ್ತಾನೆ! ಆದ್ದರಿಂದಲೇ ದಪ್ಪಗಿರುವವರು ಗಾಳಿ ಹಿಡಿಯುವ ಸಡಿಲ ಉಡುಪನ್ನೂ, ಹಗುರದವರು ಬಿಗಿ ಉಡುಪನ್ನೂ, ಕೆಲವೊಮ್ಮೆ ಸೀಸದ ತೂಕವನ್ನೂ ಧರಿಸುತ್ತಾರೆ. ಜೊಳ್ಳಿಗೆ ಭಾರ ಕಟ್ಟಿದಂತೆ.

1990ರ ದಶಕದಲ್ಲಿ ತಲೆ ಕೆಳಗಾಗಿ ಬೀಳುವ ಹೊಸ ಬಗೆ ಹರಡಿತು. ಇದರಲ್ಲಿ ವೇಗ ಗಂಟೆಗೆ 250 ಕಿಲೋಮೀಟರ್ ದಾಟುತ್ತದೆ. ಗುಂಪಿನಲ್ಲೊಬ್ಬ ಆಯತಪ್ಪಿ ಹೊಟ್ಟೆ ಕೆಳಗಾದನೆನ್ನಿ. ಅವನ ವೇಗ ತಟ್ಟನೆ ಇಳಿಯುತ್ತದೆ. ಮೇಲಿರುವವನು ಅವನಿಗೆ ಬಡಿಯುವುದು ಗಂಗಾವತಿ ರಸ್ತೆಯ ಮೋಟಾರ್‌ಸೈಕಲ್ಲಿನ ವೇಗದಲ್ಲಿ. ಹಳೆಯ ಬಗೆಯಲ್ಲಿ ನುರಿತವರೂ ಇದನ್ನು ಇಬ್ಬರು ಮೂವರ ಗುಂಪಿನಲ್ಲಿ ಮೊದಲಿನಿಂದ ಕಲಿಯಬೇಕಾಗುವುದು ಈ ಕಾರಣಕ್ಕೆ.

ನಮ್ಮಲ್ಲಿ ವಾಯುಪಡೆಯ 'ಆಕಾಶ ಗಂಗಾ' ತಂಡ 1987ರಲ್ಲಿ ರೂಪುಗೊಂಡಿತು. 2019ರ ದಸರೆಯಲ್ಲಿ ಮೈಸೂರಿನ ಬನ್ನಿಮಂಟಪಕ್ಕೆ ಅದರ ಜಿಗಿತಗಾರರು ಬಣ್ಣದ ಪ್ಯಾರಾಶೂಟುಗಳಲ್ಲಿ ಇಳಿದರು. ಇಂಥ ಪ್ರದರ್ಶನದಲ್ಲಿ ನೆಲದ ಮೇಲಿನವರಿಗೆ ಚೆನ್ನಾಗಿ ಕಾಣುವುದು ಬಿಚ್ಚಿದ ಮೇಲಿನ ನೋಟ ಮಾತ್ರ. ಅದಕ್ಕೂ ಮೊದಲಿನ ಕೆಲವು ಸೆಕೆಂಡುಗಳೇ ಗುಂಪು ಜಿಗಿತದಲ್ಲಿ ಕಠಿಣ. ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಗುಂಪು ದೊಡ್ಡದಾದರೆ ಇನ್ನೂ ಮೇಲೆಯೇ, ಹಿಡಿದ ಕೈಗಳನ್ನು ಬಿಡಬೇಕು. ಪ್ರತಿಯೊಬ್ಬರೂ ಕೇಂದ್ರಕ್ಕೆ ಬೆನ್ನು ಮಾಡಿ, ಕೈಗಳನ್ನು ಮೈಗೆ ಒತ್ತಿ, ಓರೆಯಾಗಿ ದೂರ ಸರಿಯಬೇಕು. ಮೇಲೆ ಯಾರೂ ಇಲ್ಲವೆಂದು ನೋಡಿಕೊಂಡ ನಂತರವೇ ಪ್ಯಾರಾಶೂಟಿನತ್ತ ಕೈ ಹೋಗುತ್ತದೆ.